ಸೋತವರ ಅಪರಾಧ, ಗೆದ್ದವರ ನ್ಯಾಯ

ಯುದ್ಧದಲ್ಲಿ ಸೋತವನನ್ನು ಕೊಲ್ಲಲು ಗೆದ್ದವನ ಬಳಿ ಆಯುಧವಿದ್ದರೆ ಸಾಕು. ವಿಚಾರಣೆ ನಡೆಸಬೇಕಾದರೆ ಕಾನೂನು ಬೇಕು, ಸಾಕ್ಷ್ಯ ಬೇಕು, ಆರೋಪಿಯ ಮಾತನ್ನೂ ಆಲಿಸುವ ತಾಳ್ಮೆ ಬೇಕು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ವಿಜೇತ ರಾಷ್ಟ್ರಗಳ ಮುಂದೆ ಈ ಎರಡೂ ದಾರಿಗಳಿದ್ದವು. ನಾಝಿ ಮುಖಂಡರನ್ನು ವಿಚಾರಣೆಯಿಲ್ಲದೆ ಕೊಲ್ಲಬೇಕೆಂಬುದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್‌ರ ಒಲವಾಗಿತ್ತು. ಅಮೆರಿಕದ ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ನ್ಯಾಯಾಲಯವೇ ಬೇಕೆಂದು ಪಟ್ಟುಹಿಡಿದರು. ಕೊನೆಗೆ 1945ರ ಆಗಸ್ಟ್ 8ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಸೈನಿಕ ನ್ಯಾಯಮಂಡಳಿಯ ಸನ್ನದಿಗೆ ಸಹಿ ಬಿತ್ತು.

ಈ ದಿನಾಂಕವನ್ನು ನಾವು ಗಮನವಿಟ್ಟು ನೋಡಬೇಕು. ಎರಡು ದಿನ ಮೊದಲು ಹಿರೋಶಿಮಾದ ಮೇಲೆ ಅಣುಬಾಂಬು ಬಿದ್ದಿತ್ತು. ಮರುದಿನ ನಾಗಸಾಕಿಯ ಮೇಲೆ ಬಿತ್ತು. ನಿರಪರಾಧಿ ಜನರ ಹತ್ಯೆಯನ್ನು ಮಹಾಪರಾಧವೆಂದು ಬರೆದ ಆ ಸನ್ನದು ಸೋತವರಿಗೆ ಮಾತ್ರ ಅನ್ವಯಿಸಿತು.

ನ್ಯೂರೆಂಬರ್ಗಿನ ವಿಚಾರಣೆ ನಾಟಕವಾಗಿರಲಿಲ್ಲ. 1946ರಲ್ಲಿ ತೀರ್ಪು ಪಡೆದ 22 ಮಂದಿಯಲ್ಲಿ 12 ಮಂದಿಗೆ ಮರಣದಂಡನೆ, 7 ಮಂದಿಗೆ ಸೆರೆವಾಸ ವಿಧಿಸಲಾಯಿತು, ಮೂವರು ಖುಲಾಸೆಯಾದರು. ಆದರೆ ಪೀಠದಲ್ಲಿದ್ದವರೆಲ್ಲರೂ ಗೆದ್ದ ನಾಲ್ಕು ರಾಷ್ಟ್ರಗಳವರೇ.

ಜಪಾನಿನ ನಾಯಕರನ್ನು ವಿಚಾರಿಸಿದ ಟೋಕಿಯೋ ಪೀಠದ 11 ನ್ಯಾಯಾಧೀಶರಲ್ಲಿ ಭಾರತದ ರಾಧಾಬಿನೋದ್ ಪಾಲ್ ಒಬ್ಬರು. ಯುದ್ಧ ಹೂಡುವುದು ಅಪರಾಧವೆಂಬ ಕಾನೂನನ್ನು ಯುದ್ಧದ ಬಳಿಕ ರಚಿಸಿ ಹಿಂದಿನ ಕೃತ್ಯಕ್ಕೆ ಅನ್ವಯಿಸಲಾಗದೆಂದು ಅವರು ಭಿನ್ನ ತೀರ್ಪು ಬರೆದರು. ಅಣುಬಾಂಬಿನ ಪ್ರಶ್ನೆಯನ್ನೂ ಎತ್ತಿದರು. ಹಾಗೆಂದು ಜಪಾನಿ ಸೈನಿಕರ ದೌರ್ಜನ್ಯಗಳನ್ನು ಅವರು ಅಲ್ಲಗಳೆಯಲಿಲ್ಲ. ಪಾಲ್‌ರ ಮಾತಿನ ಅರ್ಧವನ್ನಷ್ಟೇ ಎತ್ತಿಹಿಡಿಯುವವರು ಆ ದೌರ್ಜನ್ಯಕ್ಕೆ ಬಲಿಯಾದವರಿಗೆ ಅನ್ಯಾಯವೆಸಗುತ್ತಾರೆ.

ಈ ಚರಿತ್ರೆ ನಮ್ಮ ನಾಡಿನಿಂದ ದೂರದ್ದೇನಲ್ಲ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಹೋದರೆ ಸಿಗುವ ಮಂಗಳೂರಿನಲ್ಲಿ 1887ರಲ್ಲಿ ಜನಿಸಿದವರು ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾಸಭೆಯ ಸಲಹೆಗಾರರೆಂದು ನಾವು ಅವರನ್ನು ಬಲ್ಲೆವು. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದ ಮೊದಲ 15 ಸದಸ್ಯರಲ್ಲಿಯೂ ಅವರಿದ್ದರು. ಆ ಆಯೋಗವೇ 1950ರಲ್ಲಿ ನ್ಯೂರೆಂಬರ್ಗಿನ ತೀರ್ಪಿನಿಂದ ಏಳು ಸೂತ್ರಗಳನ್ನು ರೂಪಿಸಿತು. ಅಪರಾಧ ಎಸಗಿದವನು ಯಾರೇ ಆಗಿರಲಿ ಹೊಣೆಗಾರನು; ರಾಷ್ಟ್ರದ ಮುಖ್ಯಸ್ಥನಿಗೂ ವಿನಾಯಿತಿಯಿಲ್ಲ; ಬೇರೆ ಆಯ್ಕೆ ಸಾಧ್ಯವಿದ್ದವನು ಮೇಲಿನವರ ಆಜ್ಞೆಯನ್ನು ನೆಪವಾಗಿಸಿಕೊಳ್ಳಲಾಗದು; ಆರೋಪಿಗೆ ನ್ಯಾಯಯುತ ವಿಚಾರಣೆಯ ಹಕ್ಕಿದೆ ಎಂಬವು ಅವುಗಳಲ್ಲಿ ಮುಖ್ಯವಾದವು. ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ತೆರಳಿದರು. 1952ರಲ್ಲಿ ಪಾಲ್ ಆಯೋಗದ ಸದಸ್ಯರಾದರು.

ಸೂತ್ರಗಳಲ್ಲಿ ಗೆದ್ದವರು, ಸೋತವರು ಎಂಬ ಭೇದವಿರಲಿಲ್ಲ. ಅವನ್ನು ಜಾರಿಗೊಳಿಸುವ ಶಾಶ್ವತ ನ್ಯಾಯಾಲಯವೂ ಇರಲಿಲ್ಲ. ಅದಕ್ಕೆ ಅಡಿಪಾಯವಾದ ರೋಮ್ ಒಪ್ಪಂದ 1998ರಲ್ಲಿ ಅಂಗೀಕಾರವಾಗಿ 2002ರಲ್ಲಿ ಜಾರಿಗೆ ಬಂತು. ಅಮೆರಿಕ, ರಷ್ಯಾ, ಚೀನಾ ಇಂದಿಗೂ ಅದರ ಸದಸ್ಯರಲ್ಲ. ನಮ್ಮ ಭಾರತವೂ ಅಲ್ಲ.

ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ ಎಂಟನೆಯ ಸೂಕ್ತವನ್ನು ಓದಿ ಬೆಳೆದ ನಮಗೆ ದ್ವೇಷದ ನಡುವೆಯೂ ನ್ಯಾಯವನ್ನು ಬಿಡಬಾರದೆಂಬುದು ಹೊಸ ಪಾಠವಲ್ಲ. ಇಂದಿನ ಯುದ್ಧಗಳ ಸುದ್ದಿ ಓದುವಾಗ ಶತ್ರುವಿನ ಅಪರಾಧವನ್ನು ಅಳೆಯುವ ಕೋಲಿನಿಂದಲೇ ನಮ್ಮವರೆನಿಸಿಕೊಂಡವರ ಅಪರಾಧವನ್ನೂ ಅಳೆಯಲು ನಾವು ಸಿದ್ಧರಿದ್ದೇವೆಯೇ ಎಂದು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ಮಕ್ಕಳಿಗೆ ಚರಿತ್ರೆ ಹೇಳುವಾಗಲೂ ಅದೇ ಕೋಲು ನಮ್ಮ ಕೈಯಲ್ಲಿರಲಿ.