ಕೆಳಗೈ ಚೆಂಡಿನ ಮೇಲುಗೈ

1981ರ ಫೆಬ್ರುವರಿ 1ರಂದು ಮೆಲ್ಬರ್ನ್ ಮೈದಾನದಲ್ಲಿ ಆಸ್ಟ್ರೇಲಿಯದ ಟ್ರೆವರ್ ಚಾಪೆಲ್ ಪಂದ್ಯದ ಕೊನೆಯ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಟ್ಟ ಪ್ರಸಂಗ ಕ್ರಿಕೆಟ್ ಪ್ರಿಯರಿಗೆ ಗೊತ್ತೇ ಇದೆ. ಪಂದ್ಯ ಸಮ ಮಾಡಲು ನ್ಯೂಜಿಲೆಂಡ್‌ಗೆ ಒಂದು ಸಿಕ್ಸರ್ ಬೇಕಿತ್ತು. ನಾಯಕನಾಗಿದ್ದ ಅಣ್ಣ ಗ್ರೆಗ್‌ನ ಮಾತಿನಂತೆ ತಮ್ಮ ಸೊಂಟದ ಕೆಳಗಿನಿಂದ ಕೈ ಬೀಸಿದ. ಅಂದಿನಿಂದ ‘ಅಂಡರ್‌ಆರ್ಮ್’ ಎಂಬ ಮಾತು ಕ್ರಿಕೆಟ್‌ನಲ್ಲಿ ಹೆಚ್ಚುಕಡಿಮೆ ಬೈಗುಳವೇ ಆಗಿದೆ. ಕ್ರಿಕೆಟ್ ಹುಟ್ಟಿದ್ದೇ ಕೆಳಗೈ ಎಸೆತದಿಂದ, ಭುಜದ ಮೇಲಿನಿಂದ ಕೈ ಬೀಸಲು ನಿಯಮ ಒಪ್ಪಿಗೆ ಕೊಟ್ಟದ್ದು 1864ರಲ್ಲಿ ಎಂಬುದು ಮರೆತೇ ಹೋಗಿದೆ.

ಕ್ರಿಕೆಟ್ ಹೀಗೆ ಬಿಟ್ಟುಕೊಟ್ಟ ವಿದ್ಯೆಯನ್ನು ಅಮೆರಿಕದ ಒಂದು ಆಟ ಎತ್ತಿಕೊಂಡು ಸಾಕಿತು. ಅದೇ ಸಾಫ್ಟ್‌ಬಾಲ್. ಅದರಲ್ಲೂ ವೇಗದ ಎಸೆತಕ್ಕೆ ಹೆಸರಾದ ಪ್ರಕಾರ ‘ಫಾಸ್ಟ್‌ಪಿಚ್’. ಅಲ್ಲಿ ಚೆಂಡೆಸೆಯುವ ಕೈ ಭುಜದ ಮೇಲಿನಿಂದ ಚೆಂಡು ಬಿಡುವಂತಿಲ್ಲ, ಸೊಂಟದ ಬಳಿ ಕೆಳಗಿನಿಂದಲೇ ಬಿಡಬೇಕು. ಹಾಗೆ ಬಿಟ್ಟ ಚೆಂಡು ಗಂಟೆಗೆ 110 ಕಿಲೋಮೀಟರ್ ವೇಗ ಮುಟ್ಟುತ್ತದೆ.

ಕೋಣೆಯೊಳಗಿನ ಆಟ

ಈ ಆಟ ಹುಟ್ಟಿದ್ದು ತಮಾಷೆಯಿಂದ. 1887ರ ನವೆಂಬರ್‌ನಲ್ಲಿ, ಅಮೆರಿಕನ್ನರ ‘ಥ್ಯಾಂಕ್ಸ್‌ಗಿವಿಂಗ್’ ಹಬ್ಬದ ದಿನ, ಷಿಕಾಗೊ ನಗರದ ಫ್ಯಾರಗಟ್ ದೋಣಿ ಕ್ಲಬ್ಬಿನಲ್ಲಿ ಕೆಲವು ಯುವಕರು ಸೇರಿದ್ದರು. ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾಯುತ್ತಿದ್ದರು. ಯೇಲ್ ಗೆದ್ದ ಸುದ್ದಿ ಬಂದಾಗ ಉತ್ಸಾಹದಲ್ಲಿ ಒಬ್ಬಾತ ಬಾಕ್ಸಿಂಗ್ ಗ್ಲೋವ್ ಒಂದನ್ನು ಎಸೆದ, ಇನ್ನೊಬ್ಬ ಅದನ್ನು ಕೋಲಿನಿಂದ ಬಾರಿಸಿದ. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗ್ಲೋವನ್ನೇ ದಾರದಿಂದ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಅಂಕಣ ಎಳೆದ. ಚಳಿಗಾಲದಲ್ಲಿ ಸೂರಿನಡಿ ಆಡುವ ಬೇಸ್‌ಬಾಲ್ ಹೀಗೆ ಶುರುವಾಯಿತು.

ಇಕ್ಕಟ್ಟಿನ ಜಾಗದಲ್ಲಿ ಜೋರಾಗಿ ಎಸೆದರೆ ಅಪಾಯ. ಹಾಗಾಗಿ ದೊಡ್ಡ ಚೆಂಡು, ಕೆಳಗೈ ಎಸೆತ. 1895ರ ಸುಮಾರಿಗೆ ಮಿನಿಯಾಪೊಲಿಸ್ ನಗರದ ಅಗ್ನಿಶಾಮಕ ದಳದ ಲೂಯಿಸ್ ರೋಬರ್, ಬೆಂಕಿಯ ಕರೆಗೆ ಕಾಯುತ್ತ ಕೂರುವ ತನ್ನ ಸಿಬ್ಬಂದಿಗೆ ವ್ಯಾಯಾಮ ಸಿಗಲೆಂದು ಇದನ್ನೇ ಹೋಲುವ ಆಟವೊಂದನ್ನು ಠಾಣೆಯ ಪಕ್ಕದ ಖಾಲಿ ಜಾಗದಲ್ಲಿ ಆಡಿಸಿದ. ‘ಸಾಫ್ಟ್‌ಬಾಲ್’ ಎಂಬ ಹೆಸರು ಬಂದದ್ದು 1926ರಲ್ಲಿ. 1933ರಲ್ಲಿ ಷಿಕಾಗೊ ಮಹಾಪ್ರದರ್ಶನದ ಅಂಗವಾಗಿ ನಡೆದ ಟೂರ್ನಿಯಲ್ಲಿ ಮಹಿಳೆಯರಿಗೂ ಪ್ರತ್ಯೇಕ ವಿಭಾಗವಿತ್ತು. ಆರ್ಥಿಕ ಕುಸಿತದ ದಿನಗಳು ಅವು. ಕಡಿಮೆ ಜಾಗ, ಒಂದು ಬ್ಯಾಟು, ಒಂದು ಚೆಂಡು ಇದ್ದರೆ ಸಾಕಾಗುವ ಆಟ ಕೆಲಸವಿಲ್ಲದವರಿಗೂ ಕಾರ್ಖಾನೆಯವರಿಗೂ ಹಿಡಿಸಿತು.

ಬ್ರೇಕ್ ಕಾರ್ಖಾನೆಯ ತಂಡ

ಕಾರ್ಖಾನೆ, ಊರು, ಆಟ ಈ ಮೂರೂ ಹೇಗೆ ಹೆಣೆದುಕೊಂಡವು ಎಂಬುದಕ್ಕೆ ಕನೆಕ್ಟಿಕಟ್ ರಾಜ್ಯದ ಸ್ಟ್ರ್ಯಾಟ್‌ಫರ್ಡ್ ಪಟ್ಟಣಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿ ಮೋಟಾರು ವಾಹನಗಳ ಬ್ರೇಕ್ ಲೈನಿಂಗ್ ತಯಾರಿಸುವ ರೇಬೆಸ್ಟಾಸ್ ಎಂಬ ದೊಡ್ಡ ಕಾರ್ಖಾನೆಯಿತ್ತು. 1947ರಲ್ಲಿ ಅದರ ಅಧಿಕಾರಿ ವಿಲಿಯಂ ಸಿಂಪ್ಸನ್ ಮಹಿಳಾ ತಂಡವೊಂದನ್ನು ಕಟ್ಟಿದರು. ಬ್ರೇಕ್ ಕಾರ್ಖಾನೆಯ ತಂಡವಾದ್ದರಿಂದ ‘ಬ್ರೇಕೆಟ್ಸ್’ ಎಂದು ಹೆಸರಾಯಿತು. ಕಂಪನಿ ಮೈದಾನ ಕೊಟ್ಟಿತು, ದೀಪ ಹಾಕಿಸಿತು. ಬೇಸಿಗೆಯ ಸಂಜೆಗಳಲ್ಲಿ ಊರಿನ ಸಂಸಾರಗಳು ಅಲ್ಲಿ ನೆರೆಯತೊಡಗಿದವು. ಟಿ.ವಿ. ಇನ್ನೂ ಮನೆಮನೆಗೆ ಬಾರದ ಕಾಲದಲ್ಲಿ ಅಭಿಮಾನಕ್ಕೆ ಬೇರೆ ಪ್ರಚಾರ ಬೇಕಿರಲಿಲ್ಲ. ಆಡುವವಳು ಪಕ್ಕದ ಬೀದಿಯ ಹುಡುಗಿ, ಅಷ್ಟು ಸಾಕಿತ್ತು.

ಈ ತಂಡಕ್ಕೆ 1954ರಲ್ಲಿ ಸೇರಿದ ಜೋನ್ ಜಾಯ್ಸ್‌ಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಎರಡು ವರ್ಷದ ಬಳಿಕ ಕ್ಯಾಲಿಫೋರ್ನಿಯದ ಪ್ರಸಿದ್ಧ ಆಟಗಾರ್ತಿ ಬರ್ತಾ ರೇಗನ್ ಬಂದು ಸೇರಿದರು. ಅಂದು ಪಠ್ಯಪುಸ್ತಕವಿಲ್ಲ, ತರಬೇತಿ ಶಿಬಿರವಿಲ್ಲ. ಹಿರಿಯರ ಪಕ್ಕದಲ್ಲಿ ನಿಂತು ಕಿರಿಯರು ಕಲಿಯಬೇಕು. ನಮ್ಮ ಗರಡಿಮನೆಯ ಪದ್ಧತಿಯಂತೆ. ಎಸೆತದಲ್ಲಿ ಮುಖ್ಯವಾಗಿ ಎರಡು ಶೈಲಿ. ಒಂದು, ಕೈಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ಚಿಮ್ಮಿಸುವ ಕವಣೆ ಶೈಲಿ. ಇನ್ನೊಂದು, ಕೈಯನ್ನು ಪೂರ್ತಿ ಒಂದು ಸುತ್ತು ತಿರುಗಿಸುವ ಗಾಳಿಗಿರಣಿ ಶೈಲಿ. ಇಂದು ಎಲ್ಲೆಡೆ ಕಾಣುವುದು ಎರಡನೆಯದು. ಜಾಯ್ಸ್ ಕವಣೆ ಶೈಲಿಯವರು. ಯಾವುದಾದರೂ ಗುಟ್ಟು ಇರುವುದು ಕೊನೆಯ ಕ್ಷಣದಲ್ಲಿ ಮಣಿಕಟ್ಟು ಚಿಮ್ಮುವ ರೀತಿಯಲ್ಲಿ. ಚೆಂಡು ಯಾವ ಕಡೆಗೆ ಗಿರಕಿ ಹೊಡೆಯುತ್ತದೋ ಅದರ ಮೇಲೆ ಅದು ಬಾಗುವುದೋ ತಟ್ಟನೆ ಇಳಿಯುವುದೋ ನಿರ್ಧಾರವಾಗುತ್ತದೆ. ‘ಏರುಚೆಂಡು’ ಎಂಬುದೊಂದಿದೆ. ಅದು ನಿಜಕ್ಕೂ ಮೇಲೇರುವುದಿಲ್ಲ. ಹಿಂದಕ್ಕೆ ತಿರುಗುವ ಗಿರಕಿಯಿಂದ ನಿರೀಕ್ಷೆಗಿಂತ ಕಡಿಮೆ ಇಳಿಯುತ್ತದೆ, ಬ್ಯಾಟು ಹಿಡಿದವರ ಕಣ್ಣಿಗೆ ಏರಿದಂತೆ ತೋರುತ್ತದೆ.

ಕ್ರಿಕೆಟ್ ಪಿಚ್ಚಿನ ಉದ್ದ 66 ಅಡಿ. ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ ಇಂದು ಎಸೆಯುವ ಜಾಗಕ್ಕೂ ಹೊಡೆಯುವ ಜಾಗಕ್ಕೂ ನಡುವೆ 43 ಅಡಿ ಮಾತ್ರ. ಚೆಂಡು ಬಂದು ತಲುಪಲು ಅರ್ಧ ಸೆಕೆಂಡೂ ಬೇಕಿಲ್ಲ. ಜಾಯ್ಸ್ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಇದರಿಂದಲೇ. ಬೇಸ್‌ಬಾಲ್‌ನ ಮಹಾನ್ ಹೊಡೆತಗಾರ ಟೆಡ್ ವಿಲಿಯಮ್ಸ್ ನಿವೃತ್ತರಾದ ಬೆನ್ನಿಗೆ, 1960ರ ದಶಕದ ಆರಂಭದಲ್ಲಿ, ವಾಟರ್‌ಬರಿ ಪಟ್ಟಣದಲ್ಲಿ ಸಹಾಯಾರ್ಥ ಪ್ರದರ್ಶನಕ್ಕೆ ಬಂದರು. ಕ್ಯಾನ್ಸರ್ ಪೀಡಿತ ಮಕ್ಕಳ ನಿಧಿಗಾಗಿ ನಡೆದ ಆ ಕಾರ್ಯಕ್ರಮದಲ್ಲಿ ಕಿಕ್ಕಿರಿದ ಜನರೆದುರು ಜಾಯ್ಸ್ ಚೆಂಡೆಸೆದರು. ವಿಲಿಯಮ್ಸ್‌ಗೆ ಒಂದೆರಡು ಬಾರಿ ಬ್ಯಾಟಿನ ಅಂಚು ತಾಗಿಸಲು ಸಾಧ್ಯವಾಯಿತೇ ಹೊರತು ಮತ್ತೇನೂ ಆಗಲಿಲ್ಲ.

ಬ್ರೇಕೆಟ್ಸ್ 1958ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. ಮುಂದೆ ಗೆಲುವುಗಳ ಸಾಲೇ ಬಂತು. 1974ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಸ್ಟ್ರ್ಯಾಟ್‌ಫರ್ಡ್‌ನಲ್ಲೇ ನಡೆದು, ಅಮೆರಿಕದ ಪರವಾಗಿ ಆಡಿ ಗೆದ್ದದ್ದು ಇದೇ ಊರಿನ ತಂಡ.

ಮೈದಾನದ ಅಡಿಯಲ್ಲಿ

ಈ ಕಥೆಗೆ ಇನ್ನೊಂದು ಮುಖವಿದೆ. ಬ್ರೇಕ್ ಲೈನಿಂಗ್ ತಯಾರಿಗೆ ಬಳಸುತ್ತಿದ್ದದ್ದು ಆಸ್‌ಬೆಸ್ಟಾಸ್. ಹಲವು ದಶಕಗಳ ಕಾಲ ಕಾರ್ಖಾನೆಯ ತ್ಯಾಜ್ಯದಿಂದ ಊರಿನ ತಗ್ಗು ಜಾಗಗಳನ್ನು ತುಂಬಿಸಲಾಗಿತ್ತು. ಅದರಲ್ಲಿ ಆಸ್‌ಬೆಸ್ಟಾಸ್ ಇತ್ತು, ಸೀಸವಿತ್ತು, ಬೇರೆ ವಿಷ ರಾಸಾಯನಿಕಗಳಿದ್ದವು. ಹಾಗೆ ತುಂಬಿಸಿದ ಜಾಗಗಳಲ್ಲಿ ಕಂಪನಿಯ ಆಟದ ಮೈದಾನವೂ ಒಂದು. ಕಾರ್ಖಾನೆ 1989ರಲ್ಲಿ ಮುಚ್ಚಿತು. 1995ರಲ್ಲಿ ಆ ನಿವೇಶನ, ತ್ಯಾಜ್ಯ ತುಂಬಿದ ಜಾಗಗಳ ಸಮೇತ, ದೇಶದಲ್ಲಿ ತುರ್ತಾಗಿ ಶುದ್ಧಿಯಾಗಬೇಕಾದ ವಿಷಪ್ರದೇಶಗಳ ಸರ್ಕಾರಿ ಪಟ್ಟಿ ಸೇರಿತು. ಊರನ್ನು ಒಂದುಗೂಡಿಸಿದ ಮೈದಾನವನ್ನು ಕೊಟ್ಟ ಕೈಯೇ ಅದರಡಿಗೆ ವಿಷವನ್ನೂ ಸುರಿದಿತ್ತು. ಆಟಕ್ಕೆ ಆಶ್ರಯ ಕೊಟ್ಟವರ ಲೆಕ್ಕ ಬರೆಯುವಾಗ ಎರಡನ್ನೂ ಬರೆಯಬೇಕಾಗುತ್ತದೆ.

ಅಷ್ಟರಲ್ಲಿ ಆಟ ಬೇರೊಂದು ಆಶ್ರಯ ಕಂಡುಕೊಂಡಿತ್ತು. ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳು ಲಿಂಗಭೇದ ಮಾಡಬಾರದೆಂಬ ‘ಟೈಟಲ್ ನೈನ್’ ಕಾನೂನು 1972ರಲ್ಲಿ ಬಂತು. ಕಾಲೇಜುಗಳು ಹೆಣ್ಣುಮಕ್ಕಳ ತಂಡ ಕಟ್ಟಲೇಬೇಕಾಯಿತು. ಇದರಲ್ಲೊಂದು ವಿಪರ್ಯಾಸವೂ ಇತ್ತು. 1972ರಲ್ಲಿ ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಿಗೆ ಕೋಚ್ ಆಗಿದ್ದವರು ಮಹಿಳೆಯರೇ. ಸಂಬಳ, ಮರ್ಯಾದೆ ಬಂದೊಡನೆ ಗಂಡಸರೂ ಆ ಹುದ್ದೆಗಳತ್ತ ತಿರುಗಿದರು. ಎಲ್ಲ ಕ್ರೀಡೆಗಳನ್ನೂ ಸೇರಿಸಿ ನೋಡಿದರೆ ಮಹಿಳಾ ಕೋಚ್‌ಗಳ ಪಾಲು ಅರ್ಧಕ್ಕಿಂತ ಕೆಳಗಿಳಿಯಿತು.

ಆದರೂ ಕೆಲವರು ನೆಲೆ ನಿಂತರು. ಜಾಯ್ಸ್ ಸ್ವತಃ ಫ್ಲಾರಿಡ ಅಟ್ಲಾಂಟಿಕ್ ವಿಶ್ವವಿದ್ಯಾಲಯದಲ್ಲಿ ಹೊಸ ತಂಡ ಕಟ್ಟಿ, 2022ರಲ್ಲಿ ತೀರಿಕೊಳ್ಳುವವರೆಗೂ ಅದರ ಕೋಚ್ ಆಗಿದ್ದರು. ಅವರ ತಂಡ ಸಾವಿರಕ್ಕೂ ಹೆಚ್ಚು ಪಂದ್ಯ ಗೆದ್ದಿತು. ಪ್ಯಾಟಿ ಗ್ಯಾಸೊ 1990ರ ದಶಕದ ಮಧ್ಯದಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯಕ್ಕೆ ಬಂದಾಗ ತಂಡ ಆಡುತ್ತಿದ್ದದ್ದು ಊರಿನ ಸಾರ್ವಜನಿಕ ಪಾರ್ಕಿನಲ್ಲಿ. ಅದೇ ತಂಡ 2024ರ ಹೊತ್ತಿಗೆ ಎಂಟು ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು, ಕೊನೆಯ ನಾಲ್ಕು ಸಾಲಾಗಿ. 1990ರಿಂದ, 1996 ಒಂದನ್ನು ಬಿಟ್ಟರೆ, ಕಾಲೇಜು ಫೈನಲ್‌ಗಳ ತಾಣ ಒಕ್ಲಹೋಮ ಸಿಟಿ. ಈಗ ಅಲ್ಲಿ ಒಂದೊಂದು ಪ್ರದರ್ಶನಕ್ಕೆ 12 ಸಾವಿರ ಮಂದಿ ಸೇರುವುದುಂಟು.

ಒಲಿಂಪಿಕ್ಸ್‌ನ ಬಾಗಿಲು ಮಾತ್ರ ತೆರೆಯುವುದು, ಮುಚ್ಚುವುದು ನಡೆದೇ ಇದೆ. 1996ರಲ್ಲಿ ಸೇರಿದ ಆಟವನ್ನು 2012ರಿಂದ ಕೈಬಿಡಲು 2005ರಲ್ಲೇ ತೀರ್ಮಾನವಾಯಿತು. 2008ರ ಬೀಜಿಂಗ್ ಕೂಟದಲ್ಲಿ ಜಪಾನಿನ ಯುಕಿಕೊ ಉಎನೊ ಎರಡು ದಿನಗಳಲ್ಲಿ ಮೂರು ಪಂದ್ಯ ಆಡಿ 413 ಚೆಂಡು ಎಸೆದು ಅಮೆರಿಕವನ್ನು ಸೋಲಿಸಿದರು. ಆಕೆ ಬೆಳೆದದ್ದೂ ತಕಾಸಾಕಿ ಎಂಬ ಊರಿನ ಕಂಪನಿ ತಂಡವೊಂದರಲ್ಲಿ. 13 ವರ್ಷಗಳ ಬಳಿಕ, 2021ರಲ್ಲಿ, ಕೊರೊನಾದಿಂದ ಖಾಲಿಯಾಗಿದ್ದ ಯೊಕೊಹಾಮ ಕ್ರೀಡಾಂಗಣದಲ್ಲಿ ಅದೇ ಉಎನೊ ಮತ್ತೆ ಚಿನ್ನ ಗೆದ್ದರು. 2028ಕ್ಕೆ ಆಟ ಮರಳಲಿದೆ. ಕೂಟ ಲಾಸ್ ಏಂಜಲಿಸ್‌ನದ್ದಾದರೂ ಸಾಫ್ಟ್‌ಬಾಲ್ ನಡೆಸಲು ನಿಶ್ಚಯಿಸಿರುವುದು ಸುಮಾರು ಎರಡು ಸಾವಿರ ಕಿಲೋಮೀಟರ್ ದೂರದ ಒಕ್ಲಹೋಮ ಸಿಟಿಯಲ್ಲಿ. ಮೈದಾನವೂ ಪ್ರೇಕ್ಷಕರೂ ಇರುವ ಕಡೆಗೆ ಈ ಬಾರಿ ಒಲಿಂಪಿಕ್ಸೇ ಹೊರಟಿದೆ.

ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಬ್ರೇಕೆಟ್ಸ್ ತಂಡ ಕಂಪನಿಯ ನೆರವು ನಿಂತ ಮೇಲೂ ಉಳಿಯಿತು. ಊರಿನ ಇನ್ನೊಂದು ಮೈದಾನಕ್ಕೆ ಹೋಗಿ ಆಟ ಮುಂದುವರಿಸಿತು. ಬ್ರೇಕು ತಯಾರಾಗುವುದು ನಿಂತು ಮೂರು ದಶಕಗಳ ಮೇಲಾದರೂ ತಂಡದ ಹೆಸರನ್ನು ಯಾರೂ ಬದಲಿಸಲಿಲ್ಲ.