ಪೆಮ್ಮನಹಳ್ಳಿ ಗೊಲ್ಲರಹಟ್ಟಿ ಪ್ರಕರಣ

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಯಲ್ಲಿ 2019ರ ಸೆಪ್ಟೆಂಬರ್ 16ರಂದು, ಪರಿಶಿಷ್ಟ ಜಾತಿಯವರೆಂಬ ಕಾರಣಕ್ಕೆ ಚಿತ್ರದುರ್ಗದ ಅಂದಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ಒಳಗೆ ಬಿಡದ ಘಟನೆ. ಜಿಲ್ಲೆಯ ಮಧುಗಿರಿ, ಕೊರಟಗೆರೆ ತಾಲ್ಲೂಕುಗಳು ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಪಾವಗಡ, ಶಿರಾ ಚಿತ್ರದುರ್ಗ ಮೀಸಲು ಕ್ಷೇತ್ರಕ್ಕೆ ಸೇರುತ್ತವೆ. ಅಂದರೆ ಹಟ್ಟಿಯವರು ತಡೆದದ್ದು ತಮ್ಮದೇ ಸಂಸದರನ್ನು.

ಹಟ್ಟಿಗೆ ಸೌಕರ್ಯ ಕಲ್ಪಿಸುವ ವಿಚಾರ ಮಾತಾಡಲು ಅವರು ಕಂಪನಿ, ಆಸ್ಪತ್ರೆಗಳ ಪ್ರತಿನಿಧಿಗಳನ್ನು ಕರೆದುಕೊಂಡು ಬಂದಿದ್ದರು. ದಲಿತರು ಇಲ್ಲಿಯವರೆಗೆ ಒಳಗೆ ಬಂದಿಲ್ಲ, ನೀವೂ ಬರಬೇಡಿ ಎಂದರು ಕೆಲವರು. ಹಟ್ಟಿಯ ಹೊರಗೇ ಒಂದು ಕುರ್ಚಿ ಹಾಕಿದರು. ಸಂಸದರು ಅದರಲ್ಲಿ ಕೂತು ನಾಲ್ಕು ಮಾತಾಡಿ ಹೊರಟುಹೋದರು. ಪೊಲೀಸರ ಬಲದಿಂದ ಒಳಹೋಗುವುದು ತಮಗೆ ಬೇಡ, ಮನಸ್ಸು ಬದಲಾಗಬೇಕು ಎಂಬುದು ಅವರ ನಿಲುವು. ಸುದ್ದಿ ಹಬ್ಬಿದ ಮೇಲೆ ಹಟ್ಟಿಯ ಕಾಡುಗೊಲ್ಲ ಸಮುದಾಯದವರು ಕ್ಷಮೆ ಕೇಳಿ ಅವರನ್ನು ಹಟ್ಟಿಗೆ ಬರಮಾಡಿಕೊಂಡರು. 2021ರಲ್ಲಿ ಅವರು ಕೇಂದ್ರದ ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವರಾದರು.

ಕಾಡುಗೊಲ್ಲರ ಹಟ್ಟಿಗೆ ಸುತ್ತ ಮುಳ್ಳುಬೇಲಿ ಕಟ್ಟುವುದು ಹಳೆಯ ರೂಢಿ. ಕುರಿಮಂದೆಯನ್ನು ತೋಳದಿಂದ ಕಾಯಲು ಬೇಕಾಗಿದ್ದ ಬೇಲಿಯೇ ಮೈಲಿಗೆಯ ಗಡಿಯೂ ಆಗಿದೆ. ಅದು ಹಟ್ಟಿಯ ಹೆಂಗಸರನ್ನೂ ಬಿಟ್ಟಿಲ್ಲ: ಮುಟ್ಟಾದವರು, ಬಾಣಂತಿಯರು ಸೂತಕ ಕಳೆಯುವವರೆಗೆ ಹೊರಗಿನ ಗುಡಿಸಲಲ್ಲಿರಬೇಕು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ತಾಯಿಯೊಡನೆ ಹೊರಗಿದ್ದ ಹಸುಗೂಸು ತೀರಿಕೊಂಡಿತು. ಹಟ್ಟಿಗಳೂ ಬಡತನದಲ್ಲೇ ಇವೆ. ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಮಾನ್ಯತೆ ಕೇಳುತ್ತ ಬಂದಿದ್ದಾರೆ. 2020ರ ಶಿರಾ ಉಪಚುನಾವಣೆ ಹೊಸ್ತಿಲಲ್ಲಿರುವಾಗ ಸರ್ಕಾರಕ್ಕೆ ಅವರ ನೆನಪಾಗಿ ಅಭಿವೃದ್ಧಿ ನಿಗಮ ಘೋಷಣೆಯಾಯಿತು.

ಸಂಸದರನ್ನು ತಡೆದ 2019ರ ಆ ಸೆಪ್ಟೆಂಬರ್‌ನಲ್ಲಿ ದೇಶದ ಗಮನವೆಲ್ಲ ಬೇರೆ ಬೇಲಿಯ ಮೇಲಿತ್ತು. ಆಗಸ್ಟ್ 31ರಂದು ಪ್ರಕಟವಾದ ಅಸ್ಸಾಂ ಪೌರತ್ವ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದಿದ್ದರು. ಅಕ್ರಮ ವಲಸೆ ದೊಡ್ಡ ಪಿಡುಗೋ, ದ್ವೇಷಾಪರಾಧವೋ ಎಂಬ ವಾದ ಕರ್ನಾಟಕದಲ್ಲೂ ಕಾವೇರಿತು. ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ವಿದ್ಯಾರ್ಥಿನಿಲಯ ವಿದೇಶಿಯರ ಬಂಧನಕೇಂದ್ರವಾಯಿತು. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದವರ ಶೆಡ್ಡುಗಳೆಂದು ಕೆಡವಿದವುಗಳಲ್ಲಿ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು.

ಆದರೆ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಿಗೆ ವಲಸೆ ಎಂದರೆ ಮೊದಲು ನೆನಪಾಗುವುದು ಗುಳೆ: ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಬೆಂಗಳೂರಿನ ಬಸ್ಸು ಹತ್ತುವುದು. ಪಾವಗಡಕ್ಕೆ ಮೂರು ಕಡೆ ಆಂಧ್ರ. ಇತ್ತ ತೆಲುಗು, ಅತ್ತ ಮಡಕಶಿರಾ ಸೀಮೆಯಲ್ಲಿ ಕನ್ನಡ. ಗಡಿ ದಾಟುವವರ ಕಾಗದ ಯಾರೂ ಕೇಳುವುದಿಲ್ಲ.

ಅಕ್ರಮ ವಲಸೆ, ದ್ವೇಷಾಪರಾಧ ಎರಡರಲ್ಲಿ ಯಾವುದು ದೊಡ್ಡ ಪಿಡುಗೆಂದು ಅಂಕಿಗಳಿಂದ ತೀರ್ಮಾನಿಸುವುದು ಕಷ್ಟ. ವಿದೇಶಿಯರ ವಿಷಯಕ್ಕೆ 1946ರಿಂದಲೇ ಕಾಯ್ದೆಯಿತ್ತು. ಜಾತಿ ದೌರ್ಜನ್ಯಕ್ಕೆ 1989ರ ಕಾಯ್ದೆಯಿದೆ, ಆದರೆ ದೂರು ಬಂದರಷ್ಟೇ ಲೆಕ್ಕ. ಸಂಸದರಿಗೆ ಹಾಕಿದ ಕುರ್ಚಿಯಂಥವು ರಾಜಿಯಲ್ಲೇ ಮುಗಿಯುತ್ತವೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ಮತ್ತು ದ್ವೇಷಾಪರಾಧ ತಡೆ ಮಸೂದೆಯನ್ನು ಮಂಡಿಸಿದವರು ಗೃಹಸಚಿವ, ಕೊರಟಗೆರೆ ಶಾಸಕ ಜಿ. ಪರಮೇಶ್ವರ. ವಿರೋಧ ಪಕ್ಷದ ಗದ್ದಲದ ನಡುವೆ ವಿಧಾನಸಭೆ ಅದನ್ನು ಅಂಗೀಕರಿಸಿತು. ಜಾತಿ, ಹುಟ್ಟಿದ ಸ್ಥಳ ಎರಡೂ ಅದು ಹೆಸರಿಸುವ ದ್ವೇಷದ ಕಾರಣಗಳ ಒಂದೇ ಪಟ್ಟಿಯಲ್ಲಿವೆ.