ಪೆನ್ಸಿಲಿನಲ್ಲಿ ಬರೆದ ಅರ್ಜಿ

ನ್ಯಾಯಾಲಯದ ಬಾಗಿಲು ಬಡವ ಬಲ್ಲಿದರಿಬ್ಬರಿಗೂ ತೆರೆದಿದೆಯೆಂದು ನಾವು ನೀವೆಲ್ಲರೂ ಹೇಳುತ್ತೇವೆ. ಆದರೆ ಕೈಯಲ್ಲಿ ಕಾಸಿಲ್ಲದವನು ವಕೀಲನಿಲ್ಲದೆ ಆ ಬಾಗಿಲನ್ನು ಹೊಕ್ಕರೆ ಅವನ ಗತಿಯೇನು? ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಎರಡು ಬಾರಿ ವಿಚಾರಣೆಯಾದ ಒಂದೇ ಮೊಕದ್ದಮೆ ಇದಕ್ಕೆ ಉತ್ತರ ಹೇಳುತ್ತದೆ.

1961ರ ಜೂನ್ ತಿಂಗಳಲ್ಲಿ ಪನಾಮ ಸಿಟಿ ಎಂಬ ಊರಿನ ಬಳಿಯ ಬಿಲಿಯರ್ಡ್ಸ್ ಆಟದ ಮನೆಯೊಂದಕ್ಕೆ ರಾತ್ರಿ ಯಾರೋ ನುಗ್ಗಿ ಚಿಲ್ಲರೆ ಹಣ ಕದ್ದರು. ಕ್ಲಾರೆನ್ಸ್ ಗಿಡಿಯನ್ ಎಂಬ ಬಡವನ ಮೇಲೆ ಆರೋಪ ಬಂದಿತು. ತನಗೊಬ್ಬ ವಕೀಲ ಬೇಕೆಂದು ಆತ ಬೇಡಿದ. ಮರಣದಂಡನೆಗೆ ಗುರಿಯಾಗುವಂಥ ಮೊಕದ್ದಮೆಗಳಿಗೆ ಮಾತ್ರ ಹಾಗೆ ವಕೀಲರನ್ನು ಕೊಡುವುದು ಆಗ ಅಲ್ಲಿನ ಕಾನೂನು, ನ್ಯಾಯಾಧೀಶರು ಒಪ್ಪಲಿಲ್ಲ. ಗಿಡಿಯನ್ ತಾನೇ ಎದ್ದು ನಿಂತು ತೋಚಿದಂತೆ ಪಾಟೀ ಸವಾಲು ಮಾಡಿದ. ಜ್ಯೂರಿ ಆತನನ್ನು ಅಪರಾಧಿಯೆಂದಿತು. ಶಿಕ್ಷೆ ಐದು ವರ್ಷ.

1962ರ ಜನವರಿಯಲ್ಲಿ, ಸೆರೆಮನೆಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಅವನ ಅರ್ಜಿಯೊಂದು ದೇಶದ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ನ್ಯಾಯಾಲಯವು ಅದನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ಏಬ್ ಫೋರ್ಟಸ್ ಎಂಬ ಹೆಸರಾಂತ ವಕೀಲರನ್ನು ಆತನ ಪರವಾಗಿ ನೇಮಿಸಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲನನ್ನು ಒದಗಿಸಬೇಕೆಂದು 1963ರ ಮಾರ್ಚ್ 18ರಂದು ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ತೀರ್ಪಿತ್ತರು. ತೀರ್ಪನ್ನು ಬರೆದ ಹ್ಯೂಗೋ ಬ್ಲ್ಯಾಕ್, 1942ರಲ್ಲಿ ಇದೇ ಪ್ರಶ್ನೆ ಬಂದಾಗ ಬಹುಮತಕ್ಕೆ ವಿರೋಧವಾಗಿ ಇದೇ ಮಾತನ್ನಾಡಿದ್ದವರು.

ಆ ಆಗಸ್ಟಿನಲ್ಲಿ ಮರುವಿಚಾರಣೆ ನಡೆಯಿತು. ಆರೋಪ ಅದೇ, ನ್ಯಾಯಾಧೀಶರೂ ಅವರೇ. ಈ ಬಾರಿ ಗಿಡಿಯನ್‌ನ ಪಕ್ಕದಲ್ಲಿ ಫ್ರೆಡ್ ಟರ್ನರ್ ಎಂಬ ವಕೀಲರಿದ್ದರು. ಮುಖ್ಯ ಸಾಕ್ಷಿಯ ಮಾತು ಅವರ ಪಾಟೀ ಸವಾಲಿನ ಮುಂದೆ ನಿಲ್ಲಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಜ್ಯೂರಿ ಹೊರಬಂದು ನಿರಪರಾಧಿಯೆಂದಿತು. ಅಷ್ಟರಲ್ಲಿ ಎರಡು ವರ್ಷ ಸೆರೆಯಲ್ಲೇ ಕಳೆದಿತ್ತು. ಅದನ್ನು ಹಿಂದಕ್ಕೆ ಕೊಡುವವರಾರು?

ನಮ್ಮ ಸಂವಿಧಾನಕ್ಕೂ 1976ರ ತಿದ್ದುಪಡಿಯಿಂದ ಉಚಿತ ಕಾನೂನು ನೆರವಿನ 39ಎ ವಿಧಿ ಸೇರಿತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ 1987ರಲ್ಲಿ ಆಗಿ, 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಬಡವರಿಗೆ ಮಾತ್ರವಲ್ಲ, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು, ಇವರಿಗೆಲ್ಲ ವರಮಾನದ ಲೆಕ್ಕವಿಲ್ಲದೆಯೇ ಈ ನೆರವು ಸಲ್ಲುತ್ತದೆ.

ನಿಮ್ಮ ಬೀದಿಯಲ್ಲಿ ಯಾರಾದರೂ ಸಮನ್ಸು ಕೈಯಲ್ಲಿ ಹಿಡಿದು ದಿಕ್ಕು ತೋಚದೆ ಕುಳಿತಿದ್ದರೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದೆಂದು ತಿಳಿಸಿ. ಅವರಿಗೆ ಅಕ್ಷರ ಬಾರದಿದ್ದರೆ, ಅದನ್ನು ಬರೆದುಕೊಡುವ ಕೆಲಸ ನಿಮ್ಮದಾಗಲಿ.